‘ಅಡ್ಡಿಯಾಗು’, ‘ಅಡ್ಡಿಪಡಿಸು’: ಬೇಸ್‌ಬಾಲ್ ಅಂಪೈರ್‌ಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಕಲಬುರಗಿ, ಯಾದಗಿರಿ ಕಡೆ ಶಾಲಾ ಪಂದ್ಯಗಳಿಗೆ ಅಂಪೈರ್ ಆಗಿ ನಿಲ್ಲುವ ದೈಹಿಕ ಶಿಕ್ಷಕರಿಗಾಗಿ ಬೇಸ್‌ಬಾಲ್ ನಿಯಮಗಳನ್ನು ಕನ್ನಡಕ್ಕೆ ತರುವ ಕೆಲಸ ನಡೆದಿದೆ. ಅಬ್‌ಸ್ಟ್ರಕ್ಷನ್, ಇಂಟರ್‌ಫಿಯರೆನ್ಸ್ ಎರಡಕ್ಕೂ ಕರಡಿನಲ್ಲಿ ‘ಅಡ್ಡಿಪಡಿಸುವುದು’ ಎಂದೇ ಇದೆ. ಹೀಗೇ ಬಿಟ್ಟರೆ ತೀರ್ಪು ತಿರುಗುಮುರುಗಾಗುತ್ತದೆ.

ಚೆಂಡು ಕೈಯಲ್ಲಿಲ್ಲದ, ಅದನ್ನು ಹಿಡಿಯುತ್ತಲೂ ಇಲ್ಲದ ಫೀಲ್ಡರ್ ಓಟಗಾರನ ಹಾದಿ ಕಟ್ಟಿದರೆ ಅಬ್‌ಸ್ಟ್ರಕ್ಷನ್. ಆ ಓಟಗಾರನನ್ನೇ ಔಟ್ ಮಾಡುವ ಯತ್ನ ನಡೆದಿದ್ದರೆ ಚೆಂಡು ಆಗಲೇ ಡೆಡ್, ಅಂದರೆ ಆಟ ಅಲ್ಲಿಗೇ ನಿಲ್ಲುತ್ತದೆ. ಅವನು ಕೊನೆಗೆ ಮುಟ್ಟಿದ ಬೇಸ್‌ನಿಂದ (ಓಟಗಾರ ಸಾಲಾಗಿ ಮುಟ್ಟಬೇಕಾದ ಠಾಣೆ) ಕನಿಷ್ಠ ಒಂದು ಬೇಸ್ ಮುಂದೆ ಕೊಡಬೇಕು. ಅಂಥ ಯತ್ನ ಇಲ್ಲದಿದ್ದರೆ ಆ ಚೆಂಡಿನ ಆಟ ಮುಗಿಯುವತನಕ ಬಿಟ್ಟು, ‘ಟೈಮ್’ ಹೇಳಿ, ಹಾದಿ ಬಯಲಿದ್ದಿದ್ದರೆ ಎಲ್ಲಿಗೆ ಮುಟ್ಟುತ್ತಿದ್ದ ಎಂದು ನೋಡಿ ಬೇಸ್ ಕೊಡುವುದು. ಇಂಟರ್‌ಫಿಯರೆನ್ಸ್ ಹೆಚ್ಚಾಗಿ ಬ್ಯಾಟಿಂಗ್ ತಂಡದ ತಪ್ಪು. ಹೊಡೆದ ಚೆಂಡನ್ನು ಹಿಡಿಯುತ್ತಿರುವ ಫೀಲ್ಡರ್‌ಗೆ ಓಟಗಾರ ಅಡ್ಡ ಬಂದರೆ ಚೆಂಡು ಡೆಡ್, ಓಟಗಾರ ಔಟ್.

ಇನ್ನೂ ದೊಡ್ಡ ತೊಡಕು ‘ಪಡಿಸು’ ಎಂಬ ಪ್ರತ್ಯಯದಲ್ಲಿದೆ. ‘ಅಡ್ಡಿಪಡಿಸಿದ’ ಅಂದರೆ ಬೇಕಂತಲೇ ಮಾಡಿದ ಎಂಬ ಧ್ವನಿ ಬರುತ್ತದೆ. ಮೇಲಿನ ಎರಡೂ ಸಂದರ್ಭಗಳಲ್ಲಿ ಉದ್ದೇಶ ನೋಡುವ ಹಾಗಿಲ್ಲ. ಫೀಲ್ಡರ್ ಅರಿಯದೆ ನಿಂತಿದ್ದರೂ ಅಬ್‌ಸ್ಟ್ರಕ್ಷನ್ನೇ. ಉದ್ದೇಶ ಬೇಕಾಗುವುದು ಓಟಗಾರ ಎಸೆದ ಚೆಂಡಿಗೆ ಅಡ್ಡ ಬಂದಂಥ ಸಂದರ್ಭದಲ್ಲಿ. ಹಾಳೆ ಓದಿದ ಒಬ್ಬ ಅಂಪೈರ್ ‘ಹುಡುಗ ಬೇಕಂತ ಮಾಡಿಲ್ಲ’ ಎಂದು ಬಿಡುತ್ತಾನೆ, ಪಕ್ಕದ ಮೈದಾನದವನು ಬೇಸ್ ಕೊಡುತ್ತಾನೆ.

ಕ್ರಿಕೆಟ್ಟಿನ ರೂಢಿಯೂ ಸೇರಿಕೊಳ್ಳುತ್ತದೆ. ಅಲ್ಲಿ 37ನೇ ನಿಯಮದಂತೆ ‘ಫೀಲ್ಡಿಂಗ್‌ಗೆ ಅಡ್ಡಿ’ (ಅಬ್‌ಸ್ಟ್ರಕ್ಟಿಂಗ್ ದ ಫೀಲ್ಡ್) ಬ್ಯಾಟರ್‌ನ ತಪ್ಪು, ಅದೂ ಉದ್ದೇಶಪೂರ್ವಕವಾಗಿದ್ದರೆ ಮಾತ್ರ ಔಟ್. ಬೇಸ್‌ಬಾಲ್‌ನಲ್ಲಿ ಅದೇ ಇಂಗ್ಲಿಷ್ ಪದ ಫೀಲ್ಡರ್‌ನ ತಪ್ಪಿಗೆ ನಿಂತಿದೆ.

ಎರಡು ಬೇರೆ ಪದ ಬೇಕು. ‘ಹಸ್ತಕ್ಷೇಪ’ ಸರಿಯೆನಿಸದು: ಕೈಯಾಡಿಸಿದ ಅರ್ಥ ಗಟ್ಟಿಯಾಗಿ ಬರುತ್ತದೆ. ಇನ್‌ಫೀಲ್ಡ್ ಫ್ಲೈ ನಿಯಮದ (ಕೆಲವು ಸಂದರ್ಭಗಳಲ್ಲಿ, ಒಳಮೈದಾನದ ಫೀಲ್ಡರ್ ಸಲೀಸಾಗಿ ಹಿಡಿಯಬಹುದಾದ ಎತ್ತರದ ಚೆಂಡಿಗೆ, ಹಿಡಿಯದಿದ್ದರೂ ಬ್ಯಾಟರ್ ಔಟ್ ಎನ್ನುವುದು) ‘ಆರ್ಡಿನರಿ ಎಫರ್ಟ್’ಗೂ ಸಲಹೆ ಕೊಡ್ರಿ.

*

ಬೀದರ್‌ನಿಂದ ಉತ್ತರ:

ಸರ್, ನಮಸ್ಕಾರ. ನೀವು ಹಿಡಿದದ್ದು ಸರಿಯಾದ ಎಳೆ. ನಮ್ಮ ಕಡೆ ಉರ್ದುವಿನಲ್ಲಿ ಇವೆರಡು ಬೇರೆಯೇ ಇವೆ: ರುಕಾವಟ್, ದಖಲ್. ರುಕಾವಟ್‌ಗೆ ‘ತಡೆ’ ಎಂಬ ಅಚ್ಚ ಕನ್ನಡ ಪದವಿದೆ. ದಖಲ್ ಮಾತ್ರ ತರಬ್ಯಾಡ್ರಿ. ಅದೇ ಬೇರಿನ ‘ದಾಖಲು’ ಕನ್ನಡದಲ್ಲಿ ನೋಂದಣಿಯ ಅರ್ಥಕ್ಕೆ ಕೂತುಬಿಟ್ಟಿದೆ.

ತಪ್ಪು ಯಾರದು ಎಂಬುದರ ಮೇಲೆ ಹೆಸರಿಡಬೇಡಿ, ಏನು ಕೆಟ್ಟಿತು ಎಂಬುದರ ಮೇಲೆ ಇಡಿ. ಓಟ ನಿಂತರೆ ‘ಓಟತಡೆ’. ಚೆಂಡು ಹಿಡಿಯುವುದು ಕೆಟ್ಟರೆ ‘ಹಿಡಿತಕ್ಕೆ ಅಡ್ಡಿ’. ಬ್ಯಾಟರ್‌ನ ಹಿಂದೆ ಕೂರುವ ಕ್ಯಾಚರ್‌ನ ಗ್ಲೌಸ್ ಬ್ಯಾಟಿಗೆ ತಾಗಿದರೆ ಅದೂ ಇಂಗ್ಲಿಷಿನಲ್ಲಿ ಇಂಟರ್‌ಫಿಯರೆನ್ಸೇ, ಆದರೆ ತಪ್ಪು ಫೀಲ್ಡಿಂಗ್ ತಂಡದ್ದು, ಬ್ಯಾಟರ್‌ಗೆ ಮೊದಲ ಬೇಸ್ ಸಿಗುತ್ತದೆ. ‘ಹೊಡೆತಕ್ಕೆ ಅಡ್ಡಿ’ ಅಂದರೆ ಅದೂ ಇದೇ ಸಾಲಿಗೆ ಬಂತು. ಮೈದಾನದಲ್ಲಿ ಕೂಗಲು ‘ತಡೆ!’, ‘ಅಡ್ಡಿ!’ ಸಾಕು, ಗದ್ದಲದಲ್ಲೂ ಒಂದಕ್ಕೊಂದು ಬೆರೆಯುವುದಿಲ್ಲ.

ಕ್ರಿಯಾಪದ ಎಲ್ಲ ಕಡೆ ‘ಅಡ್ಡಿಯಾದರೆ’, ‘ತಡೆಯಾದರೆ’ ಎಂದಿರಲಿ. ಉದ್ದೇಶ ನೋಡಬೇಕಾದ ಕಲಮಿನಲ್ಲಷ್ಟೇ ‘ಬೇಕಂತಲೇ’ ಎಂದು ದಪ್ಪಕ್ಷರದಲ್ಲಿ ಹಾಕಿ. ‘ಉದ್ದೇಶಪೂರ್ವಕ’ಕ್ಕಿಂತ ಇದು ಬೇಗ ತಲೆಗೆ ಹೋಗುತ್ತದೆ.

ಆರ್ಡಿನರಿ ಎಫರ್ಟ್‌ಗೆ ‘ಸಾಮಾನ್ಯ ಪ್ರಯತ್ನ’ ಬೇಡ. ಅರೆಮನಸ್ಸಿನ ಯತ್ನ ಎನಿಸುತ್ತದೆ. ನಿಯಮ ಹೇಳುವುದು ಆ ಮಟ್ಟದ ಲೀಗ್‌ನಲ್ಲಿ, ಆ ಜಾಗದಲ್ಲಿ ನಿಲ್ಲುವ ಸಾಧಾರಣ ಕೌಶಲದ ಆಟಗಾರ ಹಾಕಬಹುದಾದ ಶ್ರಮ. ನೆಲ, ಹವಾಮಾನವನ್ನೂ ಲೆಕ್ಕಕ್ಕೆ ಹಿಡಿದು. 14ರ ಹುಡುಗರ ಪಂದ್ಯದಲ್ಲಿ ಅದೇ ವಯಸ್ಸಿನ ಹುಡುಗರ ಅಳತೆ. ಎರೆಮಣ್ಣು ಒಣಗಿ ಬಿರುಕು ಬಿಟ್ಟ ಮೈದಾನದಲ್ಲಿ, ಗಾಳಿ ಬೀಸುವಾಗ ಎತ್ತರದ ಚೆಂಡಿಗೆ ಆ ಅಳತೆ ಇನ್ನಷ್ಟು ಸಡಿಲ. ‘ಆ ಮಟ್ಟಕ್ಕೆ ಸಲೀಸಾದ ಹಿಡಿತ’ ಎಂದು ಬರೆದು, ಕೆಳಗೆ ಈ ವಿವರಣೆಯನ್ನು ಒಂದು ಸಾಲಿನಲ್ಲಿ ಕೊಟ್ಟುಬಿಡಿ.