ಅಪ್‌ಡೇಟ್: ಅಪ್ಪನ ಎನ್‌ಎಫ್‌ಎಲ್ ರಿಪೋರ್ಟ್

ಗದಗಿನಲ್ಲಿರುವ ನಮ್ಮ ಅಪ್ಪನಿಗೆ 74 ವರ್ಷ. ರಕ್ತದಲ್ಲಿ ನ್ಯೂರೋಫಿಲಮೆಂಟ್ ಲೈಟ್ ಎಂಬ ನರದ ಪ್ರೋಟೀನ್, ಅಂದರೆ ಎನ್‌ಎಫ್‌ಎಲ್ ಜಾಸ್ತಿ ಬಂದಿದೆ, ನರ ಹಾಳಾಗಿದೆಯಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಹುಬ್ಬಳ್ಳಿಯಲ್ಲಿ ನರರೋಗ ತಜ್ಞರಿಗೆ ತೋರಿಸಿದೆವು.

ಅವರು ಮೊದಲು ಕೇಳಿದ್ದೇ ವಯಸ್ಸು. ನರತಂತುವಿನ ಒಳಗಿನ ಈ ಪ್ರೋಟೀನ್, ತಂತುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುತ್ತದೆ. ಆದರೆ ಆರೋಗ್ಯವಂತರಲ್ಲೂ ವಯಸ್ಸಾದಂತೆ ಏರುತ್ತದೆ, 60 ದಾಟಿದ ಮೇಲೆ ಇನ್ನೂ ಬೇಗ. ರಿಪೋರ್ಟಿನಲ್ಲಿ ಎಲ್ಲ ವಯಸ್ಸಿಗೂ ಒಂದೇ ಮಿತಿ ಹಾಕಿದ್ದಾರೆ! 30ರವರ ಅಳತೆ 74ಕ್ಕೆ ಹೇಗೆ ಹೊಂದುತ್ತದೆ, ಅಲ್ವಾ? ಕಿಡ್ನಿ ಕೆಲಸ ಕುಂದಿದರೂ ಏರುತ್ತದಂತೆ. ಕಿಡ್ನಿ ಕೆಲಸ ಅಳೆಯಲು ನೋಡುವ ಕ್ರಿಯಾಟಿನಿನ್ ಅಪ್ಪನಿಗೆ ಸ್ವಲ್ಪ ಜಾಸ್ತಿಯೇ ಇದೆ.

ಅಪ್ಪನಿಗೆ ಕಾಲು ಜೋಮು ಹಿಡಿಯುತ್ತದೆ. ಅದಕ್ಕೆ ಕಾರಣ ತಿಳಿಯಲು ಶುಗರ್, ಬಿ12, ನರ್ವ್ ಕಂಡಕ್ಷನ್ ಟೆಸ್ಟ್ (ನರದಲ್ಲಿ ಸಂಕೇತ ಸರಿಯಾಗಿ ಹರಿಯುತ್ತಿದೆಯಾ ಅಂತ ನೋಡುವುದು) ಬರೆದಿದ್ದಾರೆ. ಎನ್‌ಎಫ್‌ಎಲ್ ಅನ್ನು ಕೆಲವು ತಿಂಗಳ ನಂತರ ಅದೇ ಲ್ಯಾಬಿನಲ್ಲಿ, ಅದೇ ವಿಧಾನದಲ್ಲಿ ಮಾಡಿಸಬೇಕು. ವಿಧಾನ ಬದಲಾದರೆ ಅಂಕಿ ಹೋಲಿಸಲು ಬರುವುದಿಲ್ಲ.