ಲಿಂಫ್ ನೋಡ್ ಕಸಿ ಆದ ಮೇಲೆ ತೊಡೆಸಂದಿನಿಂದ ನೀರು ಸೋರುತ್ತಿದೆ, ಗೊತ್ತಿದ್ದವರು ಹೇಳಿ

ಪ್ರಶ್ನೆ: ಸ್ತನ ಕ್ಯಾನ್ಸರ್ ನಂತರ ಕೈ ಊದಿಕೊಂಡಿದ್ದಕ್ಕೆ ತೊಡೆಸಂದಿನ ಲಿಂಫ್ ನೋಡ್ (ಲಿಂಫ್ ಎಂಬ ಮೈನೀರನ್ನು ಸೋಸುವ ಸಣ್ಣ ಗಂಟು) ತೆಗೆದು ಕಂಕುಳಿಗೆ ಕಸಿ ಮಾಡಿದ್ದಾರೆ. ಡ್ರೇನ್ (ಗಾಯದೊಳಗಿನ ನೀರನ್ನು ತುದಿಯ ಬಲ್ಬಿಗೆ ಎಳೆಯುವ ಟ್ಯೂಬ್) ತೆಗೆದ ಮೂರನೇ ದಿನಕ್ಕೆ ತೊಡೆಸಂದು ಉಬ್ಬಿದೆ, ಹೊಲಿಗೆಯಿಂದ ತಿಳಿಹಳದಿ ನೀರು ಜಿನುಗುತ್ತಿದೆ. ಏನು ಮಾಡಲಿ?

ಬಲ್ಬ್‌ಪಕ್ಷ: ಡ್ರೇನ್ ಬೇಗ ಕಿತ್ತಿದ್ದಾರೆ, ಅಷ್ಟೇ. 24 ಗಂಟೆಗೆ 30 ಎಂಎಲ್‌ಗಿಂತ ಕಡಿಮೆ, ಅದೂ ಸತತ ಎರಡು ದಿನ, ಅದೂ ಓಡಾಡುವಾಗ ಬಂದರೆ ಮಾತ್ರ ತೆಗೆಯಬೇಕು. ಮಲಗಿಯೇ ಇದ್ದವರ ಲೆಕ್ಕ ಲೆಕ್ಕವಲ್ಲ, ಎದ್ದು ನಡೆದ ದಿನ ಏರುತ್ತದೆ. ಬಲ್ಬಿನ ಮೇಲಿನ ಗೆರೆ ನಂಬಬೇಡಿ, ಸಿರಿಂಜಿಗೆ ಎಳೆದು ಅಳೆಯಿರಿ. ಮುಚ್ಚಳ ಹಾಕುವ ಮೊದಲು ಬಲ್ಬ್ ಪೂರ್ತಿ ಅಮುಕದಿದ್ದರೆ ಎಳೆತವೇ ಇರುವುದಿಲ್ಲ. ಟ್ಯೂಬಿನ ಸುತ್ತ ಒದ್ದೆಯಾಗಿ ಬಲ್ಬ್ ಖಾಲಿ ಇದ್ದರೆ ಸಾಮಾನ್ಯವಾಗಿ ಒಳಗೆ ಫೈಬ್ರಿನ್ (ಹೆಪ್ಪುಗಟ್ಟುವ ಪ್ರೋಟೀನ್) ಎಳೆ ಕಟ್ಟಿಕೊಂಡಿದೆ ಎಂದರ್ಥ. ಆಗ ಟ್ಯೂಬನ್ನು ಚರ್ಮದ ಹತ್ತಿರ ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಬಲ್ಬಿನತ್ತ ಹಿಂಡುತ್ತಾ ಬರಬೇಕು.

ಸೂಜಿ18: 30 ಎಂಎಲ್ ಏನು ವೇದವಾಕ್ಯವೇ? ವಾರಗಟ್ಟಲೆ ಟ್ಯೂಬ್ ಬಿಟ್ಟರೆ ಅದೇ ಕೀಟಾಣುಗಳಿಗೆ ದಾರಿ. ಈಗ ಅದು ಹೋಗಿದೆ, ಮುಂದಿನದು ಹೇಳಿ. ಉಬ್ಬು ಮೆತ್ತಗೆ ಅಲುಗಾಡುತ್ತಿದ್ದರೆ ಅಲ್ಟ್ರಾಸೌಂಡ್ ನೋಡುತ್ತಾ 18 ಗೇಜ್ ಸೂಜಿಯಲ್ಲಿ ತೆಗೆಸಿ. ಅಂದಾಜಿನಲ್ಲಿ ಚುಚ್ಚುವ ಜಾಗವಲ್ಲ ಅದು, ತೊಡೆಯ ದೊಡ್ಡ ರಕ್ತನಾಳ ಪಕ್ಕದಲ್ಲೇ ಇದೆ. ತೆಗೆದ ಕೂಡಲೇ ಒತ್ತಿ ಕಟ್ಟಬೇಕು. ಮತ್ತೆ ಮತ್ತೆ ತುಂಬಿದರೆ ಯಾವುದೋ ಲಿಂಫ್ ನಾಳ ತೆರೆದಿದೆ, ಚುಚ್ಚಿದಷ್ಟೂ ಸೋಂಕಿನ ಭಯ ಮಾತ್ರ ಹೆಚ್ಚು. ಡಾಕ್ಸಿಸೈಕ್ಲಿನ್ ಔಷಧಿ ಒಳಗೆ ಹಾಕಿ ಆ ಟೊಳ್ಳನ್ನು ಅಂಟಿಸುವುದುಂಟು, ಆದರೆ ವಿಪರೀತ ಉರಿ. ಹಟ ಹಿಡಿದ ಸೋರಿಕೆಗೆ ಐಸಿಜಿ (ಲಿಂಫ್ ನಾಳ ಹೊಳೆದು ಕಾಣುವಂತೆ ಮಾಡುವ) ಬಣ್ಣ ಕೊಟ್ಟು ನಾಳ ಹುಡುಕಿ ಕಟ್ಟಿಬಿಡುವುದೇ ಮೇಲು. ಲಿಂಫ್‌ನಲ್ಲಿ ಪ್ಲೇಟ್‌ಲೆಟ್ (ಹೆಪ್ಪುಗಟ್ಟಿಸುವ ಕಣ) ಇಲ್ಲದಂತೆಯೇ, ಅದಕ್ಕೇ ಬರೀ ಸುಟ್ಟ ನಾಳ ಮತ್ತೆ ಬಾಯಿಬಿಡುತ್ತದೆ.

ಬ್ಯಾಂಡೇಜಮ್ಮ: ಕಟ್ಟುವುದು ಹೇಗೆ ಅಂತ ಯಾರೂ ಹೇಳಲಿಲ್ಲವಲ್ಲ! ಬರೀ ತೊಡೆಗೆ ಸುತ್ತಿದರೆ ಕೂತಾಗ ಸುರುಳಿಕೊಂಡು ಹಗ್ಗದಂತೆ ಬಿಗಿಯುತ್ತದೆ. ಖಾಲಿಯಾದ ಜಾಗದ ಮೇಲೆ ಫೋಮ್ ತುಂಡಿಟ್ಟು, ತೊಡೆಯಿಂದ ಸೊಂಟಕ್ಕೆ ಎಂಟರ ಆಕಾರದಲ್ಲಿ ಸುತ್ತಬೇಕು. ಪಾದ ತಣ್ಣಗಾದರೆ, ಜೋಮು ಹಿಡಿದರೆ ಬಿಚ್ಚಿ. ಕಂಕುಳ ಕಡೆ ಮಾತ್ರ ಸರ್ಜನ್ ಹೇಳುವವರೆಗೆ ಒತ್ತಡವೂ ಬೇಡ, ಮಸಾಜೂ ಬೇಡ. ಕಸಿಯ ರಕ್ತನಾಳ ಅಮುಕಿದರೆ ನೋಡ್‌ಗಳೇ ಸಾಯುತ್ತವೆ. ಜಿನುಗುವ ಕಡೆ ಹತ್ತಿ ಬೇಡ, ಹೆಚ್ಚು ಹೀರುವ ಪ್ಯಾಡ್, ಸುತ್ತಲಿನ ಚರ್ಮಕ್ಕೆ ಬ್ಯಾರಿಯರ್ ಕ್ರೀಮ್. ತುಂಬಾ ಸುರಿದರೆ ಸ್ಟೋಮಾ ಚೀಲ (ಚರ್ಮಕ್ಕೆ ಅಂಟಿಸಿ ದ್ರವ ಹಿಡಿಯುವ ಚೀಲ) ಅಂಟಿಸಿ, ಅಳತೆಯೂ ಸಿಗುತ್ತದೆ.

ಎಂಸಿಟಿ_ಮಾತ್ರ: ಇಷ್ಟೆಲ್ಲ ಯಾಕೆ? ಕೊಬ್ಬು ಬಿಟ್ಟು ಎಂಸಿಟಿ ಎಣ್ಣೆ (ಲಿಂಫ್‌ಗೆ ಹೋಗದೆ ನೇರ ರಕ್ತಕ್ಕೆ ಸೇರುವ ಕೊಬ್ಬು) ತಗೊಳ್ಳಿ, ತಾನೇ ನಿಲ್ಲುತ್ತದೆ.

ಸೂಜಿ18: ದಯವಿಟ್ಟು ಇದನ್ನು ಹಬ್ಬಿಸಬೇಡಿ. ಕೊಬ್ಬು ಕರುಳಿನಿಂದ ಲಿಂಫ್‌ಗೆ ಸೇರಿ ಎದೆಯ ದೊಡ್ಡ ನಾಳದಲ್ಲಿ ಎಡ ಕುತ್ತಿಗೆಗೆ ಹೋಗುತ್ತದೆ. ಎಡ ಕಾಲರ್ ಎಲುಬಿನ ಮೇಲಿಂದ ನೋಡ್ ತೆಗೆದವರಿಗೆ ಹಾಲಿನ ಬಣ್ಣದ ನೀರು ಬಂದು, ಅದರಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು 110 ಎಂಜಿ/ಡಿಎಲ್ ದಾಟಿದರೆ ಆ ಪಥ್ಯ ಸರಿ. ತೊಡೆಸಂದಿನ ತಿಳಿಹಳದಿ ನೀರಿಗೆ ಎಣ್ಣೆ ಬದಲಿಸಿದರೆ ಏನೂ ಆಗದು. ಪ್ರೋಟೀನ್ ಸೋರಿಹೋಗುತ್ತಿದೆ, ಅದನ್ನು ತಿನ್ನಿ.

ಎಂಸಿಟಿ_ಮಾತ್ರ: ಚುಚ್ಚುವುದೊಂದೇ ಗೊತ್ತಿರುವವರಿಗೆ ಪಥ್ಯ ತಮಾಷೆಯೇ. ನೀರು ಇಳಿಸುವ ಮಾತ್ರೆಯಾದರೂ ಕೊಡಿಸಿ.

ಬಲ್ಬ್‌ಪಕ್ಷ: ಅದೂ ತಪ್ಪು. ಆ ಮಾತ್ರೆಗೆ ಮೂತ್ರ ಹೋಗುತ್ತದೆ, ತೆರೆದ ನಾಳ ಮುಚ್ಚುವುದಿಲ್ಲ.

ಟೇಪ್: ಜಗಳದಲ್ಲಿ ಕಾಲನ್ನೇ ಮರೆತಿರಿ. ನೋಡ್ ತೆಗೆಯುವ ಮೊದಲು ರಿವರ್ಸ್ ಮ್ಯಾಪಿಂಗ್ ಮಾಡಿದ್ದಾರೆಯೇ ಎಂದು ಕೇಳಿ: ಪಾದಕ್ಕೆ ಒಂದು ಗುರುತು, ಕೆಳಹೊಟ್ಟೆಗೆ ಇನ್ನೊಂದು ಬಣ್ಣ ಕೊಟ್ಟು, ಕಾಲಿನ ನೀರು ಹೊರುವ ನೋಡ್ ಮುಟ್ಟದಿರುವುದು. ಮಾಡಿಲ್ಲವಾದರೆ ಎರಡೂ ಕಾಲನ್ನು ಹಿಮ್ಮಡಿಯಿಂದ ಪ್ರತಿ 10 ಸೆಂಟಿಮೀಟರಿಗೆ, ದಿನದ ಅದೇ ಹೊತ್ತಿಗೆ ಅಳೆದು ಬರೆದಿಡಿ.

ಸೂಜಿ18: ರಿವರ್ಸ್ ಮ್ಯಾಪಿಂಗ್ ಮಾಡಿದರೂ ಸೋರುತ್ತದೆ ಸ್ವಾಮಿ. ಅದು ಕಾಲು ಊದದಂತೆ ಮಾಡುವ ಎಚ್ಚರ, ಸೋರಿಕೆಗಲ್ಲ.

ಟೇಪ್: ಸೋರಿಕೆಗೆ ಅಂತ ನಾನೆಲ್ಲಿ ಬರೆದೆ? ಓದಿ ಉತ್ತರಿಸಿ.

ಬ್ಯಾಂಡೇಜಮ್ಮ: ಇಬ್ಬರೂ ಸಾಕು. ಕೇಳಿದವರೇ, 38 ಡಿಗ್ರಿ ದಾಟಿ ಜ್ವರ, ಹರಡುವ ಕೆಂಪು, ನೀರು ಮಬ್ಬಾಗಿ ವಾಸನೆ, ಯಾವುದೊಂದು ಕಂಡರೂ ಅವತ್ತೇ ಸರ್ಜನ್ ಹತ್ತಿರ ಹೋಗಿ. ಇವರ ಉತ್ತರಕ್ಕೆ ಕಾಯಬೇಡಿ. ಈಗ ಜ್ವರ ಇದೆಯಾ?