ಹಲ್ಲು ಕೀಳಿಸೋಕೆ ಭಯ: ಸೆಡೇಶನ್ ತಗೊಂಡವರು ಯಾರಾದ್ರೂ ಇದ್ದೀರಾ?

ಕೇಳಿದವರು, ಚಿತ್ರದುರ್ಗ:
ಅಮ್ಮನಿಗೆ 54. ಕೆಳದವಡೆಯ ಬುದ್ಧಿಹಲ್ಲು ಅಡ್ಡ ಬೆಳೆದು ಪಕ್ಕದ ಹಲ್ಲನ್ನೂ ಹಾಳು ಮಾಡಿದೆ. ಎರಡು ಸಲ ಕುರ್ಚಿವರೆಗೆ ಹೋಗಿ ಎದ್ದು ಬಂದರು. ಈಗ ದಾವಣಗೆರೆಯ ಡಾಕ್ಟರ್ ಸೆಡೇಶನ್, ಅಂದರೆ ಮಂಪರು ಬರಿಸೋ ಔಷಧ ಕೊಟ್ಟು ತೆಗೆಯೋಣ ಅಂದಿದ್ದಾರೆ. ಅಮ್ಮಂದು ಒಂದೇ ಮಾತು: "ಪ್ರಜ್ಞೆ ತಪ್ಪಿಸಿ, ಆಮೇಲೆ ನಾನು ಏಳದೇ ಹೋದ್ರೆ?" ಅನುಭವ ಇದ್ದವರು ಹೇಳಿ.

ದಾವಣಗೆರೆ, ವಿದ್ಯಾನಗರ:
ನನ್ನ ಏಳು ವರ್ಷದ ಮಗನಿಗೆ ಲಾಫಿಂಗ್ ಗ್ಯಾಸ್ ಕೊಟ್ಟಿದ್ದರು. ಮೂಗಿಗೆ ಸಣ್ಣ ಮಾಸ್ಕ್, ಅಷ್ಟೇ. ಮೊದಲು ಕಾಲಿನ ಬೆರಳನ್ನೆಲ್ಲ ಮುದುಡಿಕೊಂಡು ಕೂತಿದ್ದ. ಮೂರ್ನಾಲ್ಕು ನಿಮಿಷಕ್ಕೆ ಬೆರಳು ಒಂದೊಂದಾಗಿ ಸಡಿಲವಾದವು, ಒಂದು ಚಪ್ಪಲಿ ತಾನಾಗೇ ಕೆಳಗೆ ಬಿತ್ತು. ನನ್ನ ಕಣ್ಣಲ್ಲಿ ಉಳಿದಿರೋದು ಆ ಚಪ್ಪಲಿ. ಎಚ್ಚರ ಪೂರ್ತಿ ಇತ್ತು, ಬಾಯಿ ತೆಗಿ ಅಂದರೆ ತೆಗೆಯುತ್ತಿದ್ದ. ಜೋಮು ಹಿಡಿಸುವ ಇಂಜೆಕ್ಷನ್ ಆಮೇಲೆ ಕೊಟ್ಟೇ ಕೊಟ್ಟರು. ನಾನು ಗ್ಯಾಸ್ ಇದ್ದರೆ ಸೂಜಿ ಬೇಡ ಅಂದುಕೊಂಡಿದ್ದೆ, ಅದು ತಪ್ಪು. ಕೊನೆಗೆ ಐದು ನಿಮಿಷ ಬರೀ ಆಕ್ಸಿಜನ್ ಕೊಟ್ಟರು, ಇಳಿದು ಓಡಾಡಿದ. ಅಂದಹಾಗೆ, ಮೊದಲ ಸಲ ನೆಗಡಿ ಇದ್ದದ್ದಕ್ಕೆ ವಾಪಸ್ ಕಳಿಸಿದ್ದರು. ಮೂಗು ಕಟ್ಟಿದ್ದರೆ ಗ್ಯಾಸ್ ಒಳಗೆ ಹೋಗೋದಾದ್ರೂ ಹೇಗೆ ಅಲ್ವಾ?

ಹರಿಹರ:
ನನಗೂ ಬುದ್ಧಿಹಲ್ಲೇ. ಆದರೆ ಗ್ಯಾಸ್ ಅಲ್ಲ, ಕೈಯ ನರಕ್ಕೆ ಮಿಡಜೋಲಾಮ್ ಅನ್ನೋ ಮಂಪರಿನ ಇಂಜೆಕ್ಷನ್. ಆರು ಗಂಟೆ ಏನೂ ತಿನ್ನಬೇಡಿ ಅಂದಿದ್ದರು. ನಾನು ಬಸ್ ಇಳಿದವನೇ, ಒಂದೇ ಬೆಣ್ಣೆ ದೋಸೆ ಅಲ್ವಾ ಅಂತ ತಿಂದು ಹೋದೆ. ಸುಳ್ಳು ಹೇಳೋಕೂ ಬರಲಿಲ್ಲ, ಶರ್ಟ್ ಮೇಲೆ ಚಟ್ನಿ ಇತ್ತು. ಆ ದಿನ ಕ್ಯಾನ್ಸಲ್. ಬೈಕೊಂಡೆ. ಆಮೇಲೆ ಗೊತ್ತಾಯ್ತು, ಮಂಪರಿನಲ್ಲಿ ವಾಂತಿ ಬಂದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು.
ಎರಡನೇ ಸಲ ಹೋದಾಗ ಬೆರಳಿಗೆ ಕ್ಲಿಪ್ ಹಾಕಿದರು, ಮಾನಿಟರ್‌ ಬೀಪ್ ಬೀಪ್ ಅಂತಿತ್ತು. ಅಲ್ಲಿಂದ ಮುಂದೆ ನೆನಪೇ ಇಲ್ಲ. ಆದರೆ ಡಾಕ್ಟರ್ ಕೇಳಿದ್ದಕ್ಕೆಲ್ಲ ತಲೆ ಆಡಿಸಿದ್ದೆನಂತೆ. ಆಟೋದಲ್ಲಿ "ನನ್ನ ಹಲ್ಲು ನನಗೆ ಕೊಡಿ" ಅಂತ ಜಗಳ ಆಡಿದೆನಂತೆ, ಹೆಂಡತಿ ಇವತ್ತಿಗೂ ರೇಗಿಸುತ್ತಾಳೆ. ಜೊತೆಗೆ ಒಬ್ಬರು ಇರಲೇಬೇಕು. ಮಾರನೇ ದಿನದವರೆಗೆ ಗಾಡಿ ಮುಟ್ಟಬೇಡಿ.

ದಾವಣಗೆರೆಯಲ್ಲಿ ಬಿಡಿಎಸ್ ಓದಿದವಳು:
ಅಮ್ಮನಿಗೆ ಇದನ್ನು ಬಿಡಿಸಿ ಹೇಳಿ. ನೋವಿಗೆ ಒಂದು ಔಷಧ, ಭಯಕ್ಕೆ ಇನ್ನೊಂದು. ಸೆಡೇಶನ್ ಭಯಕ್ಕೆ. ಪ್ರಜ್ಞೆ ಪೂರ್ತಿ ತಪ್ಪಿಸೋದು ಜನರಲ್ ಅನಸ್ತೇಶಿಯಾ, ಅದು ಬೇರೆ. ಮಿಡಜೋಲಾಮ್ ಮಂಪರು ಜಾಸ್ತಿಯಾದರೆ ಇಳಿಸೋಕೆ ಫ್ಲುಮಾಜೆನಿಲ್ ಅನ್ನೋ ಔಷಧ ಇದೆ. ಬಿಪಿ, ಶುಗರ್, ನಿದ್ದೆ ಮಾತ್ರೆ, ಜೋರು ಗೊರಕೆ ಯಾವುದನ್ನೂ ಮುಚ್ಚಿಡಬೇಡಿ. ಮಾನಿಟರ್ ಯಾರು ನೋಡಿಕೊಳ್ಳುತ್ತಾರೆ ಅಂತಲೂ ಧೈರ್ಯವಾಗಿ ಕೇಳಿ.
ನೋವು ತಡೆಯೋಕೆ ಲಾಫಿಂಗ್ ಗ್ಯಾಸ್ ಬಳಸೋ ಕಥೆ ಶುರುವಾಗಿದ್ದೇ ಹಲ್ಲಿನ ಡಾಕ್ಟರಿಂದ. ಡಿಸೆಂಬರ್ 1844, ಅಮೆರಿಕದ ಹಾರ್ಟ್‌ಫರ್ಡ್. ದುಡ್ಡು ಕೊಟ್ಟು ಗ್ಯಾಸ್ ಎಳೆದು ನಗುವ ಒಂದು ತಮಾಷೆ ಪ್ರದರ್ಶನ. ಅಲ್ಲೊಬ್ಬನ ಕಾಲಿಗೆ ಪೆಟ್ಟಾಗಿದೆ, ಅವನಿಗೆ ಗೊತ್ತೇ ಇಲ್ಲ! ಸಭೆಯಲ್ಲಿ ಕೂತಿದ್ದ ದಂತವೈದ್ಯ ಹೊರೇಸ್ ವೆಲ್ಸ್ ಮಾರನೇ ದಿನವೇ ಆ ಗ್ಯಾಸ್ ಎಳೆದು ತನ್ನ ಹಲ್ಲನ್ನೇ ಕೀಳಿಸಿಕೊಂಡ. ಆದರೆ 1845ರಲ್ಲಿ ಬಾಸ್ಟನ್‌ನಲ್ಲಿ ಎಲ್ಲರ ಮುಂದೆ ತೋರಿಸುವಾಗ ಗ್ಯಾಸ್ ಚೀಲವನ್ನು ಬೇಗ ತೆಗೆದುಬಿಟ್ಟರು. ರೋಗಿ ಕೂಗಿದ, ಮೋಸ ಮೋಸ ಅಂತ ಜನ ಗೇಲಿ ಮಾಡಿದರು. ಮುಂದಿನ ವರ್ಷ ಅವನ ಹಳೇ ಶಿಷ್ಯ ಮಾರ್ಟನ್ ಪ್ರಜ್ಞೆ ತಪ್ಪಿಸೋ ಇನ್ನೊಂದು ಔಷಧ ಈಥರ್ ತೋರಿಸಿ ಹೆಸರು ಮಾಡಿದ. ವೆಲ್ಸ್ 1848ರಲ್ಲೇ ತೀರಿಕೊಂಡ. ಇದನ್ನು ಕಂಡುಹಿಡಿದವನು ಅವನೇ ಅಂತ ಅಮೆರಿಕದ ದಂತವೈದ್ಯರ ಸಂಘ ಒಪ್ಪಿಕೊಂಡಿದ್ದು 1864ರಲ್ಲಿ.

ಹೊಳಲ್ಕೆರೆ:
ಎಲ್ಲರಿಗೂ ಸೆಡೇಶನ್ ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ನಮ್ಮಪ್ಪನಿಗೆ ಡಾಕ್ಟರ್ "ಬೇಡ ಅನ್ನಿಸಿದರೆ ಕೈ ಎತ್ತಿ, ತಕ್ಷಣ ನಿಲ್ಲಿಸುತ್ತೇನೆ" ಅಂದರು. ಅಪ್ಪ ಎರಡು ಸಲ ಸುಮ್ನೆ ಪರೀಕ್ಷೆಗೆ ಎತ್ತಿದರು, ಡಾಕ್ಟರ್ ನಿಲ್ಲಿಸಿದರು. ಮೂರನೇ ಸಲ ಎತ್ತಲೇ ಇಲ್ಲ. ಆದರೆ ಎರಡು ಸಲ ಎದ್ದು ಬಂದವರಿಗೆ ಇಷ್ಟೇ ಸಾಕಾಗುತ್ತೋ ಇಲ್ವೋ.

ಕೇಳಿದವರು, ಚಿತ್ರದುರ್ಗ:
ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ವೆಲ್ಸ್ ಕಥೆಗೆ "ಪಾಪ" ಅಂದರು. ಸೋಮವಾರಕ್ಕೆ ಒಪ್ಪಿದ್ದಾರೆ. ಹರಿಹರದವರಿಗೆ ಒಂದು ಪ್ರಶ್ನೆ ಇದೆಯಂತೆ: ಹಲ್ಲು ತೆಗೆಸಿದ ಎಷ್ಟು ದಿನಕ್ಕೆ ಬೆಣ್ಣೆ ದೋಸೆ ತಿಂದಿರಿ?